ಮಗ್ಗಲಿಗೆ ಕೂತ ದೊಡ್ಡವ್ವ

ನಿನ್ನೆ ಒಲೆಯ ಮೇಲಿಟ್ಟ ಜೋಳದ ನುಚ್ಚು ಮರೆತುಹೋಗಿ ತಳ ಹತ್ತಿತು. ಸೊಸೆ ಓಡಿಬಂದು ಕಿಟಕಿ ತೆರೆದಳು. ನಾನು ಮಾತ್ರ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಯುದ್ಧದ ವರ್ಷಗಳಲ್ಲಿ ರಾಣೆಬೆನ್ನೂರಿನ ಮಠದ ಅಂಗಳದಲ್ಲಿ, ಗಂಜಿಯ ಹಂಡೆಯಿಂದ ಏಳುತ್ತಿದ್ದದ್ದೂ ಇದೇ ವಾಸನೆ...

ಆಗ ನನಗೆ ಹತ್ತೊಂಬತ್ತು. ನನ್ನ ಯಜಮಾನರು ನೇಕಾರರು. ನೂಲು ಸಿಗುವುದು ಕಡಿಮೆಯಾಗುತ್ತ ಹೋಗಿ ಕೊನೆಗೊಂದು ದಿನ ಮಗ್ಗವೇ ನಿಂತಿತು. ಅವರು ಕೆಲಸ ಹುಡುಕಿಕೊಂಡು ಹಾವೇರಿಗೆ ಹೋದರು. ಮನೆಯಲ್ಲಿ ಉಳಿದವರು ಅತ್ತೆ, ನಾನು, ಮೂರು ತಿಂಗಳ ಕೂಸು. ರೇಷನ್ನಿನ ಜೋಳ ವಾರದ ನಡುವೆಯೇ ಮುಗಿಯುತ್ತಿತ್ತು. ನನ್ನ ಎದೆಹಾಲು ಬತ್ತುತ್ತ ಬಂತು.

ಮಠದ ಸ್ವಾಮಿಗಳು ದಿನಾ ಮಧ್ಯಾಹ್ನ ಹಸಿದವರಿಗೆ ಗಂಜಿ ಹಾಕಿಸುತ್ತಿದ್ದರು. ನಮ್ಮ ಮನೆಯಿಂದ ಮಠ ನಾಲ್ಕು ಹೆಜ್ಜೆ. ಆದರೆ ಅತ್ತೆ ಒಪ್ಪಲಿಲ್ಲ. "ದುಡದು ಉಂಡ ಮನಿ ಇದು. ಸಾಲಿನ್ಯಾಗ ಕುಂತು ಕೈ ಒಡ್ಡೂದು ಬ್ಯಾಡ" ಎಂದರು. ಅವರೂ ಬರೀ ನೀರು ಕುಡಿದೇ ದಿನ ದೂಡುತ್ತಿದ್ದರು. 

ಎದುರು ಮನೆಯ ದೊಡ್ಡವ್ವ ಕಾಳಿನ ವ್ಯಾಪಾರಸ್ಥರ ಮನೆಯ ಹಿರಿಯ ಸೊಸೆ. ನಮಗೇನೂ ಸಂಬಂಧಿಕರಲ್ಲ, ಓಣಿಯ ಸೊಸೆಯಂದಿರೆಲ್ಲ ಹಾಗೇ ಕರೆಯುತ್ತಿದ್ದೆವು. ಎರಡು ಸಲ ಸೆರಗಿನಲ್ಲಿ ಮುಚ್ಚಿಕೊಂಡು ಜೋಳದ ಹಿಟ್ಟು ತಂದಿದ್ದರು. ಎರಡು ಸಲವೂ ಅತ್ತೆ, "ನಮ್ಮಲ್ಲಿ ಐತ್ರಿ" ಎಂದು ಹಿಂದಕ್ಕೆ ಕಳಿಸಿದ್ದರು.

ಮೂರನೆಯ ಸಲ ದೊಡ್ಡವ್ವ ಒಂದು ಖಾಲಿ ತಾಟು ಹಿಡಿದು ಬಂದರು.

"ಯಕ್ಕಾ, ನಾ ಮಠಕ್ಕ ಉಣ್ಣಾಕ ಹೊಂಟೇನಿ. ಒಬ್ಬಾಕಿನ ಕುಂದ್ರಾಕ ಒಂಥರಾ ಆಗ್ತೈತಿ. ನಿಮ್ಮ ಸೊಸೀನ ಜೋಡಿಗೆ ಕಳಸ್ರಿ."

ಅತ್ತೆ ಆ ತಾಟನ್ನೇ ನೋಡಿದರು. ಆಮೇಲೆ ನನ್ನತ್ತ ತಿರುಗಿ, "ಕೂಸಿಗೆ ಬಿಸಲು ಬಡೀದಂಗ ಸೆರಗು ಹೊಚ್ಚು" ಎಂದಷ್ಟೇ ಹೇಳಿದರು.

ಅಂಗಳದ ಸಾಲಿನಲ್ಲಿ ನಾವಿಬ್ಬರೂ ಮಗ್ಗಲಿಗೆ ಮಗ್ಗಲು ಹಚ್ಚಿ ಕೂತೆವು. ದೊಡ್ಡವ್ವನ ಮೈದುನ ಅದೇ ದಾರಿಯಲ್ಲಿ ಬಂದವನು ಕಂಡು ನಿಂತುಬಿಟ್ಟ. "ಏನ್ ವೈನಿ, ಮನ್ಯಾಗ ಕೂಳಿಲ್ಲೇನು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ.

ದೊಡ್ಡವ್ವ ತಲೆಯೆತ್ತಲಿಲ್ಲ. "ಮನ್ಯಾಗ ಐತಪ್ಪ, ಓಣ್ಯಾಗಿಲ್ಲ" ಎಂದು ತಾಟೆತ್ತಿ ಗಂಜಿ ಕುಡಿದರು.

ನಾಲ್ಕನೆಯ ದಿನ ಅತ್ತೆ ತಾವಾಗಿಯೇ ಬಂದು ನನ್ನ ಇನ್ನೊಂದು ಬದಿಗೆ ಕೂತರು. ಅವರನ್ನು ನೋಡಿ ಓಣಿಯ ಇನ್ನೆರಡು ನೇಕಾರರ ಮನೆಗಳ ಹೆಂಗಸರೂ ಬಂದರು. ಹದಿನೈದು ದಿನಗಳಲ್ಲಿ ಕೂಸು ಹೊಟ್ಟೆ ತುಂಬಿ ನಿದ್ದೆ ಮಾಡತೊಡಗಿತು. ದೊಡ್ಡವ್ವನ ಮನೆಯಲ್ಲಿ ಆಗ ಯಾರೂ ಅವರೊಡನೆ ಮಾತಾಡುತ್ತಿರಲಿಲ್ಲವಂತೆ. ನನಗದು ಬಹಳ ತಡವಾಗಿ ತಿಳಿಯಿತು. ಅವರು ಮಾತ್ರ ಗಂಜಿ ನಿಲ್ಲುವ ತನಕ ಒಂದು ದಿನವೂ ತಪ್ಪಿಸಲಿಲ್ಲ.

ಯಜಮಾನರು ನಮ್ಮನ್ನು ಹಾವೇರಿಗೆ ಕರೆಸಿಕೊಂಡಾಗ ಹೋಗಿ ದೊಡ್ಡವ್ವನ ಕಾಲಿಗೆ ಬಿದ್ದೆ. ಹೇಳಬೇಕೆಂದಿದ್ದ ಮಾತು ಬಾಯಿಗೆ ಬರಲಿಲ್ಲ. ಮುಂದೆ ಸಂಸಾರ, ಮಕ್ಕಳು... ಆರು ವರ್ಷಗಳ ಮೇಲೆ ರಾಣೆಬೆನ್ನೂರಿಗೆ ಹೋಗಿ ಆ ಬಾಗಿಲು ಬಡಿದೆ. ತೆರೆದ ಹುಡುಗಿ, "ದೊಡ್ಡವ್ವ ತೀರಿಕೊಂಡು ಎರಡು ವರ್ಷಾತ್ರಿ" ಎಂದಳು.

ಈಗ ಅವರ ಮುಖ ನೆನಪಿಸಿಕೊಳ್ಳಲು ಕೂತರೆ ಸಾಲಿನಲ್ಲಿ ನನ್ನ ಕಡೆಗಿದ್ದ ಒಂದು ಬದಿ ಮಾತ್ರ ಕಾಣುತ್ತದೆ. ಬಲಗಿವಿಯ ಬೆಂಡೋಲೆ, ಉಣ್ಣುವಾಗ ಅಲುಗುವ ಕೆನ್ನೆ, ಅಷ್ಟೇ. ಎದುರು ಮನೆಯವರು, ದಿನಾ ಕಂಡ ಮುಖ. ಆದರೂ ಉಳಿದರ್ಧ ಎಷ್ಟು ಹುಡುಕಿದರೂ ನನಗೆ ಸಿಗುತ್ತಿಲ್ಲ.