ಎರೆಮಣ್ಣಿನ ಬೇಸಿಗೆ ಓಟ

ಆ ದಿನಗಳಲ್ಲಿ ನಮ್ಮ ಮನೆಗೆ ವರ್ಷಕ್ಕೆ ಎರಡು ಬೇಸಿಗೆ ಬರುತ್ತಿದ್ದವು. ಒಂದು ನೈರೋಬಿಯದು. ಜನವರಿ, ಫೆಬ್ರವರಿಯಲ್ಲಿ ಧೂಳೆಬ್ಬಿಸಿಕೊಂಡು ಬಂದು ಹೋಗುತ್ತಿತ್ತು. ಇನ್ನೊಂದು ಅಪ್ಪನ ತಲೆಯೊಳಗಿನದು. ಅದು ಮೈಸೂರಿನ ಲೆಕ್ಕದಂತೆ ಏಪ್ರಿಲ್‌ನಲ್ಲೇ ಬರಬೇಕು, ಹೊರಗೆ ನೈರೋಬಿಯ ಮಳೆಗಾಲ ಧೋ ಎಂದು ಸುರಿಯುತ್ತಿದ್ದರೂ ಸರಿ. ನಮ್ಮ ಬೇಸಿಗೆ ಓಟ ಹುಟ್ಟಿದ್ದು ಈ ಎರಡನೆಯ ಬೇಸಿಗೆಯಲ್ಲಿ.

ಓಟ ಅಂದರೆ ಕಾರುಗಳ ಓಟ. ಅಪ್ಪ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಅವರ ಗೆಳೆಯ ಫೆಲಿಕ್ಸ್ ಅಂಕಲ್ ಮಂಗಳೂರಿನವರು, ಎಂಬಕಸಿಯ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದರು. ಇಬ್ಬರೂ ಈ ಊರಿಗೆ ಹೊಸಬರಾಗಿದ್ದಾಗ, ಒಂದು ಉರಿಬಿಸಿಲಿನ ಮಧ್ಯಾಹ್ನ ನ್ಗಾರಾ ಬಡಾವಣೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ನಮ್ಮವರೆಲ್ಲ ಸೇರಿ ವರ್ಷಕ್ಕೊಮ್ಮೆ ರೇಸ್ ಇಡಬೇಕು ಎಂದು ತೀರ್ಮಾನಿಸಿದರಂತೆ. ಬೇಸಿಗೆ ರಜೆಯಲ್ಲಿ ಇಡೋಣ ಎಂದರು ಅಪ್ಪ. ಬೇಸಿಗೆ ರಜೆ ಅಂದರೆ ಏಪ್ರಿಲ್ ಎನ್ನುವುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಬಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ 'ಬೇಸಿಗೆ ಓಟ' ಎಂದು ಬರೆಸಿಯೂ ಆಯಿತು. ಆ ದಿನ ಬಂದಾಗ ಹಿಂದಿನ ರಾತ್ರಿಯಿಂದ ಹಿಡಿದ ಮಳೆ ಬಿಟ್ಟೇ ಇರಲಿಲ್ಲ. ಬಟ್ಟೆ ದಂಡವಾಗುತ್ತದಲ್ಲ ಎಂದು ಓಟ ನಡೆಸಿಯೇಬಿಟ್ಟರು. ಮರುವರ್ಷ ತಾರೀಕು ಬದಲಿಸೋಣ ಎಂದು ಯಾರೋ ಹೇಳಿದ್ದಕ್ಕೆ, "ಒಂದು ಸಲ ಇಟ್ಟ ಮೇಲೆ ಇಟ್ಟಿದ್ದೇ," ಎಂದರು ಅಪ್ಪ. ಅವರ ಹಠ ಅಂಥದ್ದು. ಅಮ್ಮನ ಹಠ ಅದಕ್ಕೂ ಅಪ್ಪನಂಥದ್ದು ಎಂದು ನಮಗೆ ಆಮೇಲೆ ಗೊತ್ತಾಯಿತು.

ನಿಯಮ ಒಂದೇ. ಸೋಮವಾರ ಕೆಲಸಕ್ಕೆ ಹೋಗಬೇಕಾದ ಕಾರೇ ಭಾನುವಾರ ಓಡಬೇಕು. ಇಂಜಿನ್ ಬದಲಿಸುವಂತಿಲ್ಲ, ಟೈರು ಬದಲಿಸುವಂತಿಲ್ಲ. ಫೆಲಿಕ್ಸ್ ಅಂಕಲ್‌ಗೆ ಗೊತ್ತಿದ್ದವರೊಬ್ಬರ ಬಯಲು ಎಂಬಕಸಿಯಲ್ಲಿತ್ತು. ಅದರ ಸುತ್ತ ಮೂರು ಸುತ್ತು ಹಾಕಿದರೆ ಓಟ ಮುಗಿದಂತೆ. ನಮಗೆ ಮಕ್ಕಳಿಗೆ ಅದು ಯುಗಾದಿ, ದೀಪಾವಳಿಗಿಂತ ದೊಡ್ಡ ಹಬ್ಬ. ಟೆಂಟಿನಡಿ ಅಮ್ಮಂದಿರ ಪುಳಿಯೋಗರೆ, ಫೆಲಿಕ್ಸ್ ಅಂಕಲ್ ಮನೆಯ ಗೋಳಿಬಜೆ, ಗೇಟಿನ ಹತ್ತಿರ ಇದ್ದಿಲಿನ ಮೇಲೆ ಸುಡುವ ಜೋಳದ ತೆನೆ. ಇವೆಲ್ಲದರ ಜೊತೆ ಪೆಟ್ರೋಲು ಮತ್ತು ಒದ್ದೆ ಮಣ್ಣಿನ ವಾಸನೆ ಸೇರಿ ಮೂಗಿಗೆ ಬಡಿದರೆ ಸಾಕು, ನಾವು ಹುಚ್ಚೆದ್ದು ಕುಣಿಯುತ್ತಿದ್ದೆವು.

ಆದರೆ ಆ ಬಯಲಿನದು ಎರೆಮಣ್ಣು. ಒಣಗಿದಾಗ ಕಲ್ಲು, ನೆನೆದಾಗ ಅಂಟು. ನನಗೆ ಹತ್ತು ವರ್ಷವಾಗುವ ಹೊತ್ತಿಗೆ ಓಟದ ಮಾನ ಹರಾಜಾಗಿತ್ತು. ಹಿಂದಿನ ಎರಡು ವರ್ಷ ಒಂದೇ ಒಂದು ಕಾರೂ ಮೂರು ಸುತ್ತು ಮುಗಿಸಿರಲಿಲ್ಲ. ಎಲ್ಲವನ್ನೂ ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಕಾಯಿತು. ಈ ಸಲವೂ ಹಾಗೇ ಆದರೆ ಓಟವನ್ನೇ ನಿಲ್ಲಿಸಿಬಿಡುವುದು ಎಂದು ಹಿರಿಯರೆಲ್ಲ ಸೇರಿ ನಿರ್ಧರಿಸಿದರು. ನಾನು ಆ ರಾತ್ರಿ ಊಟ ಬಿಟ್ಟು ಅತ್ತೆ. ಇದ್ದುದರಲ್ಲಿ ಗಟ್ಟಿಯಾದದ್ದು ನಮ್ಮ ಹಳೆಯ ಸ್ಟೇಷನ್ ವ್ಯಾಗನ್. ಅದನ್ನು ಓಡಿಸಬೇಕಾದ ಅಪ್ಪ ಓಟಕ್ಕೆ ಇನ್ನೇನು ವಾರವಿದೆ ಎನ್ನುವಾಗ ಬೆನ್ನು ಉಳುಕಿಸಿಕೊಂಡು ಮಲಗಿದರು.

"ನಾ ಹೊಡೀತೀನಿ," ಎಂದಳು ಅಮ್ಮ, ರೊಟ್ಟಿ ತಟ್ಟುತ್ತಲೇ.

ಅಮ್ಮ ಗದಗಿನ ಕಡೆಯವಳು. ಇಲ್ಲಿನ ಶಾಲೆಯಲ್ಲಿ ಗಣಿತದ ಟೀಚರು.

"ಸುಮ್ನಿರು ಗಿರಿಜಾ. ನಿಂಗೆ ಲೈಸೆನ್ಸ್ ಬಂದಿರೋದೇ ಮೊನ್ನೆ ಮೊನ್ನೆ," ಎಂದರು ಅಪ್ಪ.

"ಲೈಸೆನ್ಸ್ ಇದ್ದವ್ರೆಲ್ಲಾ ಹೋದ ವರ್ಷ ಹೂತ್ರಲ್ಲ. ಎರಿ ಮಣ್ಣು ನನಗ ಗೊತ್ತೈತ್ರಿ. ಚಕ್ಕಡಿ ಹೂಳೂದು ನೋಡಿಕೋತನ ದೊಡ್ಡಾಕಿ ಆಗೀನಿ. ಅದರಾಗ ನಿಂತ್ರ ಕೆಟ್ಟಂಗ."

ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ನಮ್ಮ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದೇ ಅರ್ಥ.

ಕಾರುಗಳು ಹೂತುಹೋಗುತ್ತಿದ್ದದ್ದು ಯಾಕೆ ಎಂದು ಅಮ್ಮ ಟೆಂಟಿನಡಿ ಕುಳಿತು ವರ್ಷಗಟ್ಟಲೆ ನೋಡಿದ್ದಳು. ಕಾರಣ ನಿಂಬೆಹಣ್ಣು. ಓಟಕ್ಕೆ ಮೊದಲು ಕಾರುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ಒಂದೊಂದು ನಿಂಬೆಹಣ್ಣು ಇಟ್ಟು, ಅದನ್ನು ಒಡೆದುಕೊಂಡೇ ಹೊರಡುವುದು ಪದ್ಧತಿ. ಇದರಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು ಫೆಲಿಕ್ಸ್ ಅಂಕಲ್. ಚರ್ಚಿನಿಂದ ತಂದ ತೀರ್ಥವನ್ನೂ ಬಾನೆಟ್ಟಿನ ಮೇಲೆ ಚಿಮುಕಿಸಿ, ನಿಂಬೆಹಣ್ಣನ್ನೂ ಅವರೇ ಇಡುತ್ತಿದ್ದರು. ಡಾಂಬರಿನ ಮೇಲಾದರೆ ಹಣ್ಣು ಟಪ್ಪೆಂದು ಒಡೆಯುತ್ತದೆ. ಮೆತ್ತನೆಯ ಎರೆಮಣ್ಣಿನಲ್ಲಿ ಅದು ಇಡಿಯಾಗಿ ಒಳಗೆ ಇಳಿಯುತ್ತಿತ್ತು. ಒಡೆಯಲಿಲ್ಲವೆಂದು ಕಾರನ್ನು ಹಿಂದೆ ತೆಗೆದು ಮುಂದೆ ಬಿಡುವರು, ಮತ್ತೆ ಹಿಂದೆ, ಮತ್ತೆ ಮುಂದೆ. ಓಟ ಶುರುವಾಗುವ ಹೊತ್ತಿಗೆ ಒಂದೊಂದು ಚಕ್ರವೂ ತನಗೆ ತಾನೇ ಗುಂಡಿ ತೋಡಿಕೊಂಡಿರುತ್ತಿತ್ತು. ಇಷ್ಟು ಓದಿದ ಜನರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಹೊಳೆದಿದ್ದರೂ ಪೂಜೆಯ ವಿಷಯ, ಯಾರು ಬಾಯಿಬಿಟ್ಟಾರು?

ಭಾನುವಾರ ಬೆಳಿಗ್ಗೆ ಅಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಅಪ್ಪನ ಹಳೆಯ ಸ್ವೆಟರ್ ಏರಿಸಿಕೊಂಡು ಹೊರಟಳು. ಪಕ್ಕದ ಸೀಟಿನಲ್ಲಿ ಅವಳ ಶಾಲೆಯ ಗೆಳತಿ ವಂಜಿಕು. ಬಯಲಿನ ಗೇಟಿನ ಹೊರಗೆ, ಡಾಂಬರು ರಸ್ತೆಯ ಮೇಲೆ ಅಮ್ಮ ಕಾರು ನಿಲ್ಲಿಸಿ, ತಾನೇ ಇಳಿದು ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಫೆಲಿಕ್ಸ್ ಅಂಕಲ್ ಕೊಡೆ ಹಿಡಿದು ಓಡಿಬಂದರು.

"ಎಂತ ಮಾಡ್ತೀರಿ ಗಿರಿಜಕ್ಕ? ಇಲ್ಲಿ ಇಡುವುದಲ್ಲ ಮಾರಾಯ್ರೆ, ಅಲ್ಲಿ, ಗೆರೆಯ ಹತ್ರ."

"ದೇವರು ಗೆರಿ ಹತ್ರ ಅಷ್ಟ ಇರ್ತಾನೇನ್ರಿ? ಇಲ್ಲೇ ತೀರ್ಥ ಹಾಕ್ರಿ. ಮಣ್ಣಿಗಿಳಿದ ಮ್ಯಾಲ ನಾ ನಿಂದ್ರಂಗಿಲ್ಲ."

ಅವರು ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತೀರ್ಥ ಹಾಕಿದರು. ಅಮ್ಮ ಕಾರನ್ನು ಗೇಟಿನವರೆಗೆ ಮುಂದೆ ಬಿಟ್ಟಳು, ನಾಲ್ಕು ಹಣ್ಣೂ ಒಡೆದವು. ನಾನೂ ಅಪ್ಪನೂ ಟೆಂಟಿನಿಂದ ನೋಡುತ್ತಿದ್ದೆವು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದ ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಗೆರೆಯ ಹತ್ತಿರ ಉಳಿದ ಕಾರುಗಳು ಎಂದಿನಂತೆ ಹಿಂದೆ ಮುಂದೆ ಆಡುತ್ತ ಮಣ್ಣಿನೊಳಗೆ ಇಳಿಯುತ್ತಿದ್ದವು. ಫೆಲಿಕ್ಸ್ ಅಂಕಲ್ ಗೆರೆಗೆ ಓಡಿಬಂದು ಹಸಿರು ಬಟ್ಟೆ ಬೀಸಿದ್ದೇ ತಡ, ಅಮ್ಮ ಗೇಟಿನಿಂದ ನಿಧಾನವಾಗಿ ಉರುಳಿಕೊಂಡು ಬಂದು ಗೆರೆ ದಾಟಿ ಹಾಗೇ ಮುಂದೆ ಹೋದಳು.

ಮೊದಲ ಸುತ್ತಿನಲ್ಲಿ ಎಲ್ಲರೂ ನಕ್ಕರು. ಅಷ್ಟು ನಿಧಾನ. ಎರಡನೆಯ ಸುತ್ತಿನ ಹೊತ್ತಿಗೆ ಬಯಲಿನಲ್ಲಿ ಅಲುಗುತ್ತಿದ್ದದ್ದು ಅದೊಂದೇ ಕಾರು, ಉಳಿದವೆಲ್ಲ ಹೊಟ್ಟೆಯವರೆಗೆ ಮಣ್ಣಿನಲ್ಲಿ ಕುಳಿತಿದ್ದವು. ಮೂರನೆಯ ಸುತ್ತಿನಲ್ಲಿ ವೈಪರ್ ಕೈಕೊಟ್ಟಿತು. ವಂಜಿಕು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ತನ್ನ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಗಾಜು ಒರೆಸುತ್ತ, "ಟ್ವೆಂಡೆ, ಮ್ವಾಲಿಮು, ಟ್ವೆಂಡೆ," ಎನ್ನುತ್ತಿದ್ದಳು. ಸ್ವಾಹಿಲಿಯಲ್ಲಿ ಹಾಗೆಂದರೆ, ನಡೀರಿ ಟೀಚರ್, ನಡೀರಿ. ದೂರದ ತಿರುವಿನಲ್ಲಿ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿತು. ಇಂಜಿನ್ ನರಳಿತು. ನಾನು ಕಣ್ಣು ಮುಚ್ಚಿಕೊಂಡೆ.

"ಬ್ರೇಕ್ ಮುಟ್ಬೇಡ ಕಣೇ, ಮುಟ್ಬೇಡ," ಎಂದು ಅಪ್ಪ ಪಿಸುಗುಟ್ಟುತ್ತಿದ್ದರು. ಅಮ್ಮ ಮುಟ್ಟಲಿಲ್ಲ.

ಕಣ್ಣು ತೆರೆದಾಗ ಕಾರು ನೆಟ್ಟಗಾಗಿ, ಮಣ್ಣು ಮೆತ್ತಿದ ಎಮ್ಮೆಯಂತೆ ನಮ್ಮತ್ತ ಬರುತ್ತಿತ್ತು. ಗೆರೆ ದಾಟಿತು. ಎಲ್ಲರೂ ಚಪ್ಪಾಳೆ ಹೊಡೆಯುತ್ತ ಮುತ್ತಿಕೊಳ್ಳಲು ಓಡಿದರೆ ಅಮ್ಮ ನಿಲ್ಲಿಸಲೇ ಇಲ್ಲ. ಕೈಯಾಡಿಸಿ ಎಲ್ಲರನ್ನೂ ಸರಿಸಿ, ಗೇಟು ದಾಟಿ, ಡಾಂಬರಿನ ಮೇಲೆ ಹೋಗಿಯೇ ಬ್ರೇಕ್ ಹಾಕಿದಳು. ನಾವೆಲ್ಲ ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡು ಹಿಂದೆ ಓಡಿದೆವು. ಬೆನ್ನುನೋವು ಮರೆತ ಅಪ್ಪ ಎಲ್ಲರಿಗಿಂತ ಮುಂದಿದ್ದರು. ಅಷ್ಟು ಹೆಮ್ಮೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ, ನನ್ನ ಸ್ವಂತದ ಯಾವ ಕೆಲಸದಿಂದಲೂ.

ಮರುವರ್ಷದಿಂದ ಪೂಜೆ ಡಾಂಬರಿಗೆ ಬಂತು, ಸ್ಟೀರಿಂಗಿಗೆ ಹೆಂಗಸರು ಬಂದರು. ಓಟ ಇನ್ನೂ ಬಹಳ ವರ್ಷ ನಡೆಯಿತು. ಆಮೇಲೆ ಬಯಲು ಮಾರಾಟವಾಯಿತು. ಫೆಲಿಕ್ಸ್ ಅಂಕಲ್ ತೀರಿಹೋದರು, ಅಪ್ಪನೂ ಹೋದರು. ಆ ಕೆಂಪಕ್ಷರದ ಬಟ್ಟೆ ಯಾರ ಮನೆಯ ಅಟ್ಟದಲ್ಲಿ ಉಳಿಯಿತೋ ತಿಳಿಯದು. ಬೇಕಾದಷ್ಟು ಒಳ್ಳೆಯ ಕಾರುಗಳು ಈಗ ನಮ್ಮವರ ಹತ್ತಿರ ಇವೆ. ಅವುಗಳನ್ನು ಕೆಸರಿಗೆ ಇಳಿಸುವ ಧೈರ್ಯ ಯಾರಿಗೂ ಇಲ್ಲ, ನನಗೂ ಇಲ್ಲ.

ಕಳೆದ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣದಿಂದ ಮನೆಗೆ ಬರುತ್ತಿದ್ದೆವು. ಅಮ್ಮ ನನ್ನ ಪಕ್ಕದಲ್ಲಿ, ಮಗ ಹಿಂದೆ. ಕಣ್ಣು ಮಂದವಾದ ಮೇಲೆ ಅಮ್ಮ ಕಾರು ಓಡಿಸುವುದನ್ನು ನಿಲ್ಲಿಸಿದ್ದಾಳೆ. ಮಳೆ ಸುರಿಯುತ್ತಿತ್ತು. ಬಯಲಿದ್ದ ಜಾಗದ ಉದ್ದಕ್ಕೂ ಈಗ ಗೋದಾಮುಗಳು, ನೆಲಕ್ಕೆಲ್ಲ ಕಾಂಕ್ರೀಟು.

"ಇಲ್ಲೇ ನಮ್ಮ ಬೇಸಿಗಿ ಓಟ ಆಗ್ತಿತ್ತಲ್ಲ," ಎಂದಳು ಅಮ್ಮ.

"ಬಟ್ ಇಟ್ಸ್ ರೈನಿಂಗ್, ಅಜ್ಜಿ," ಎಂದ ಮಗ.

ಮುಂದೆ ಲಾರಿಗಳು, ಜನ ತುಂಬಿದ ಮಟಾಟು ವ್ಯಾನುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನಾನೂ ನಿಲ್ಲಿಸಿದೆ. ಅಮ್ಮ ಬಲಗಾಲಿನಿಂದ, ತನ್ನೆದುರು ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಿದ್ದಳು.

"ನಿಂದ್ರಬ್ಯಾಡ," ಎಂದಳು.

ಎಲ್ಲಿಗೆ ಹೋಗುವುದು? ಮುಂದಿನ ಲಾರಿಗೂ ನಮಗೂ ನಡುವೆ ಒಂದು ಮೊಳ ಜಾಗವಿತ್ತು. ಬ್ರೇಕಿನಿಂದ ಕಾಲು ತೆಗೆದು ಅಷ್ಟು ಮುಂದೆ ಬಿಟ್ಟೆ. ಅಮ್ಮ ಸರಿ ಎನ್ನುವಂತೆ ತಲೆಯಾಡಿಸಿ, ಗಾಜಿನ ಮೇಲಿನ ಆವಿಯನ್ನು ಸೆರಗಿನಿಂದ ಒರೆಸತೊಡಗಿದಳು.