ಕಡೇ ದಿನವನ್ನು ನಂಬದ ಸಂತೋಷ

ಸಂತೋಷನಿಗೆ ಇಂಗ್ಲೆಂಡ್ ಎಂಬ ದೇಶದ ಮೇಲಿರುವ ಸಿಟ್ಟು ಅವನ ಆಲೆಮನೆಗೆ ಕಾಲಿಟ್ಟ ಎಲ್ಲರಿಗೂ ಗೊತ್ತು. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು, ಹೆಗಲ ಮೇಲಿನ ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತ, ಬಂದವರು ಕೇಳಲಿ ಬಿಡಲಿ, ಆ ದೇಶಕ್ಕೆ ಮಂಗಳಾರತಿ ಮಾಡುತ್ತಾನೆ. ಬೆಲ್ಲ ಕೊಳ್ಳಲು ಬರುವ ಮಂಡ್ಯದ ವ್ಯಾಪಾರಿಗಳು ಮೊದಮೊದಲು ಕಿವಿಗೊಡುತ್ತಿದ್ದರು. ಈಗ ಅವನು ಬಾಯಿ ತೆರೆಯುವಷ್ಟರಲ್ಲಿ ಸರಕು ತುಂಬಿಕೊಂಡು ಗಾಡಿ ಹತ್ತುತ್ತಾರೆ.

ಸಿಟ್ಟಿಗೆ ಕಾರಣವಿಲ್ಲದೆ ಇಲ್ಲ. ಅವನ ಹೆಂಡತಿ ರೂಪ ಎರಡು ವರ್ಷದಿಂದ ಆ ದೇಶದಲ್ಲಿ ಯಾರದೋ ಮನೆಯ ಮುದುಕರಿಗೆ ಸ್ನಾನ ಮಾಡಿಸಿ, ಊಟ ತಿನ್ನಿಸಿ, ಮಗ್ಗುಲು ಬದಲಿಸಿ ಮಲಗಿಸುತ್ತಿದ್ದಾಳೆ. ಮಗಳು ದೀಪಿಕ ಇಲ್ಲಿ ಅಜ್ಜಿ ಮಲ್ಲಿಗಮ್ಮನ ಮಗ್ಗುಲಲ್ಲಿ ಮಲಗುತ್ತಾಳೆ. ಮೂವರೂ ಒಂದು ಸೂರಿನಡಿ ಬಾಳುವ ದಿನ ಬರುತ್ತದೋ ಇಲ್ಲವೋ, ಅದೊಂದೇ ಸಂತೋಷನ ಚಿಂತೆ. ಆದರೆ ಅವನ ಸಿಟ್ಟಿನಲ್ಲಿ ಅರ್ಧ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂದು ಊರವರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಊರವರು ಸುಮ್ಮಸುಮ್ಮನೆ ಆಡಿಕೊಳ್ಳುವವರೇ, ಆದರೆ ಈ ಒಂದು ವಿಷಯದಲ್ಲಿ ಅವರ ಮಾತು ಸುಳ್ಳಲ್ಲ.

ಅವನ ಊರು ಚಿಕ್ಕರಸಿನಕೆರೆಯಿಂದ ಆಟೋದಲ್ಲಿ ಹೋಗುವಷ್ಟು ದೂರ. ಊರ ದೇವತೆ ಪಟ್ಟಲದಮ್ಮನ ಹಬ್ಬದಲ್ಲಿ ಮೊದಲು ಕೊಂಡ ಹಾಯುವ ಹಕ್ಕು ಅವನ ಮನೆತನದ್ದು. ಹಬ್ಬ ಸಾರಿದ ದಿನ ಪೂಜಾರಿ ಬಂದು ಕೈಗೆ ಅರಿಶಿನದ ಕಂಕಣ ಕಟ್ಟುತ್ತಾನೆ. ಕಟ್ಟಿಸಿಕೊಂಡವನೂ, ಊರೊಳಗಿದ್ದರೆ ಅವನ ಹೆಂಡತಿಯೂ, ಕೆಂಡ ತುಳಿಯುವವರೆಗೆ ಊರ ಎಲ್ಲೆ ದಾಟುವಂತಿಲ್ಲ, ಮನೆಯಲ್ಲಿ ಒಗ್ಗರಣೆಯ ಚಟಪಟ ಕೇಳಿಸುವಂತಿಲ್ಲ. ಸಂತೋಷನ ಅಪ್ಪ ಬೋರಯ್ಯ ಗದ್ದೆಯ ಬದುವಿನ ಜಗಳದಲ್ಲಿ ಅಣ್ಣನಿಂದ ಬೇರೆಯಾದಾಗ ಹೊಲ, ಎತ್ತು, ಪಾತ್ರೆ ಎಲ್ಲ ಪಾಲಾದವು, ಕಂಕಣ ಮಾತ್ರ ಪಾಲಾಗಲಿಲ್ಲ. ಬೋರಯ್ಯ ಸಾಯುವವರೆಗೂ ಅದನ್ನು ಬಿಡಲಿಲ್ಲ. ಸತ್ತ ಮೇಲೆ ಮಗ ಹಿಡಿದುಕೊಂಡ. ತಾನು ಬಿಟ್ಟರೆ ಅದು ದೊಡ್ಡಪ್ಪನ ಮಗ ಅಂಬರೀಶನ ಕೈಗೆ ಹೋಗುತ್ತದೆ ಎಂಬ ಭಯ ಅವನಿಗೆ. ಹೋದರೆ ಏನು ಮುಳುಗುತ್ತದೆ ಎಂದು ಕೇಳಿದರೆ ಇಷ್ಟು ಮಾತ್ರ ಹೇಳುತ್ತಾನೆ: ದಾಯಾದಿಗೆ ಬಗ್ಗುವುದಿಲ್ಲ.

ರೂಪ ಮಳವಳ್ಳಿಯ ಹುಡುಗಿ. ನರ್ಸಿಂಗ್ ಓದಿ ಅಲ್ಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ದುಡಿಯುತ್ತಿದ್ದಳು. ಮದುವೆಯಾದ ಮೇಲೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಇಂಗ್ಲೆಂಡಿನ ಆಸೆ ಹುಟ್ಟಿಸಿದವನು ಮಂಡ್ಯದ ವೀಸಾ ಏಜೆಂಟ್ ಅಶೋಕ್. ಅವನ ಅಂಗಡಿಯಲ್ಲಿ ಕೂತು ಸಂತೋಷ ಕೇಳಿಸಿಕೊಂಡ ಕಥೆ ಇದು. ಇಂಗ್ಲೆಂಡು ಮೊದಲು ಯುರೋಪಿನ ದೇಶಗಳ ಒಂದು ಒಕ್ಕೂಟದಲ್ಲಿತ್ತು. ಆ ದೇಶಗಳ ಜನ ಯಾರ ಅಪ್ಪಣೆಯೂ ಇಲ್ಲದೆ ಬಂದು ಕೆಲಸ ಮಾಡಬಹುದಿತ್ತು. ಇಂಗ್ಲೆಂಡಿನವರಿಗೆ ಹೊರಗಿನವರು ಬೇಡವಾದರು. ವೋಟು ಹಾಕಿ ಒಕ್ಕೂಟದಿಂದ ಎದ್ದು ಬಂದರು. ಬರುವವರು ನಿಂತರು, ಆದರೆ ಮುದುಕರಿಗೆ ವಯಸ್ಸಾಗುವುದು ನಿಲ್ಲಲಿಲ್ಲ. ಹಾಸಿಗೆ ಹಿಡಿದವರ ಬಟ್ಟೆ ಬದಲಿಸಲು ವೋಟು ಹಾಕಿದವರ ಮಕ್ಕಳೇನೂ ಮುಂದೆ ಬರಲಿಲ್ಲ. ಆಗ ಬಾಗಿಲು ತೆರೆದು ನಮ್ಮ ಕಡೆಯವರನ್ನು ಕೂಗಿದರು. ಗಂಡ, ಮಕ್ಕಳನ್ನೂ ಕರೆದುಕೊಂಡು ಬನ್ನಿ ಎಂದರು. ಜನ ಹೋದರು. ಬಂದವರ ಲೆಕ್ಕ ಟೀವಿಯಲ್ಲಿ ನೋಡಿ ಮತ್ತೆ ಅವರ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಕೆಲಸ ಮಾಡುವ ಕೈ ಇರಲಿ, ಆ ಕೈ ಹಿಡಿದು ಬರುವ ಮಕ್ಕಳು ಬೇಡ ಎಂದು ಹೊಸ ಕಾನೂನು ಮಾಡಿದರು. ಎರಡು ಸಾವಿರದ ಇಪ್ಪತ್ತನಾಲ್ಕರ ಮಾರ್ಚ್ ಹನ್ನೊಂದರಿಂದ ಆಚೆಗೆ ಅರ್ಜಿ ಹಾಕಿದವರು ಒಂಟಿಯಾಗಿಯೇ ಹೋಗಬೇಕು. ಅದಕ್ಕೂ ಮೊದಲೇ ಹಾಕಿದವರಿಗೆ ತೊಂದರೆಯಿಲ್ಲ.

ರೂಪಳಿಗೆ ಕೆಲಸ ಕೊಟ್ಟ ಪತ್ರ ಬಂದಾಗ ಆ ಕಡೇ ದಿನಕ್ಕೆ ಇನ್ನೂ ಸಮಯವಿತ್ತು. ಬೆಂಗಳೂರಿಗೆ ಹೋಗಿ ಕ್ಷಯರೋಗ ಇಲ್ಲವೆಂದು ಪರೀಕ್ಷೆ ಮಾಡಿಸಿಕೊಂಡು ಬಂದರೆ ಸಂಜೆಯೇ ಅರ್ಜಿ ಹಾಕಬಹುದಿತ್ತು. ಆದರೆ ಅಷ್ಟರಲ್ಲಿ ಹಬ್ಬ ಸಾರಿ, ಸಂತೋಷನ ಕೈಗೆ ಕಂಕಣ ಬಿದ್ದಿತ್ತು. ಕೊಂಡ ಇದ್ದದ್ದು ಸರಿಯಾಗಿ ಆ ಹನ್ನೊಂದನೇ ತಾರೀಖಿನ ಸೋಮವಾರ ಬೆಳಗಿನ ಜಾವ.

"ಒಂದಿನ ಓಗಿ ಬಂದ್ಬುಡ್ತೀನಿ ಕಣ್ರೀ. ಬೆಳಿಗ್ಗೆ ಓದ್ರೆ ಸಂಜೆಗೆ ಬತ್ತೀನಿ," ಎಂದಳು ರೂಪ.

"ಎಲ್ಲೆ ದಾಟಂಗಿಲ್ಲ ಅಂತ ನಿಂಗೊತ್ತಿಲ್ವಾ? ಅಬ್ಬ ಮುಗೀಲಿ, ಮಾರ್ನೇ ದಿನ ಓಗುವಂತೆ."

"ಅಷ್ಟೊತ್ಗೆ ಕಡೇ ದಿನ ಮುಗ್ದೋಗಿರ್ತದೆ."

ಇಲ್ಲಿ ಸಂತೋಷನ ಹಳೆಯ ರೋಗ ಮೇಲೆದ್ದಿತು. ಅವನು ಹುಟ್ಟಿದಾಗಿನಿಂದ ಕಡೇ ದಿನ ಎಂಬುದನ್ನು ನಂಬಿದವನಲ್ಲ. ನಂಬುವಂತೆ ಯಾವ ಸರ್ಕಾರವೂ ಅವನನ್ನು ಬೆಳೆಸಲಿಲ್ಲ. ಆಧಾರ್ ಜೋಡಿಸಿ ಎಂದರು, ಮುಂದೂಡಿದರು. ಬೆಳೆ ವಿಮೆಗೆ ಇದೇ ಕೊನೆ ಎಂದರು, ಮುಂದೂಡಿದರು. ಗಾಡಿಗಳಿಗೆ ಹೊಸ ನಂಬರ್ ಪ್ಲೇಟು ಹಾಕಿಸದಿದ್ದರೆ ದಂಡ ಎಂದು ಹೆದರಿಸಿದ್ದ ದಿನ ಆಗಷ್ಟೇ ಮುಂದಕ್ಕೆ ಹೋಗಿತ್ತು. ಓಡೋಡಿ ಹೋಗಿ ಹಾಕಿಸಿದವರನ್ನು ನೋಡಿ ಸಂತೋಷ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಎಲ್ಲಾ ಸರ್ಕಾರನೂ ಒಂದೇಯಾ. ನಮ್ ದೇಸದ ಜೊತೆ ವ್ಯಾಪಾರದ ಒಪ್ಪಂದ ದೀಪಾವಳಿಗೆ ಮುಗುಸ್ತೀವಿ ಅಂದಿದ್ರಲ್ಲ ಅವ್ರು? ಎಲ್ಡ್ ದೀಪಾವಳಿ ಕಳೀತು, ಇನ್ನೂ ಮಾತಾಡ್ತಾನೇ ಅವ್ರೆ. ಇದೂ ಅಂಗೇಯಾ. ಮುಂದಕ್ಕಾಕ್ತಾರೆ ಬುಡು."

ಸುದ್ದಿ ಓದಿ ದಡ್ಡನಾಗುವುದು ಎಂದರೆ ಇದೇ. ಒಕ್ಕೂಟದಲ್ಲಿದ್ದಾಗ ಇಂಗ್ಲೆಂಡಿನ ಪರವಾಗಿ ವ್ಯಾಪಾರದ ಮಾತನ್ನು ಒಕ್ಕೂಟವೇ ಆಡುತ್ತಿತ್ತು. ಹೊರಗೆ ಬಂದ ಮೇಲೆ ಒಂದೊಂದು ದೇಶದ ಮುಂದೆಯೂ ತಾನೇ ಕೂತು ಚೌಕಾಸಿ ಮಾಡಬೇಕಾಯಿತು. ಚೌಕಾಸಿಗೆ ಇಬ್ಬರು ಬೇಕು, ಅದಕ್ಕೇ ಅದು ಎಳೆಯಿತು. ಬಾಗಿಲು ಮುಚ್ಚಲು ಒಬ್ಬನೇ ಸಾಕು. ಇದನ್ನು ಅಶೋಕ್ ಫೋನಿನಲ್ಲಿ ಗಂಟಲು ಹರಿದುಕೊಂಡು ಹೇಳಿದ. ಸಂತೋಷ ಫೋನು ಕಟ್ ಮಾಡಿದ.

ರೂಪ ಇನ್ನೊಂದು ದಾರಿ ಹೇಳಿದಳು. "ಅಂಬರೀಸಣ್ಣನ್ನ ಒಂದ್ ಮಾತ್ ಕೇಳಿ. ನಿಮ್ ಕಂಕಣ ಬಿಚ್ಚುಸಿ ಅವ್ರು ಕಟ್ಟುಸ್ಕೊಂಡ್ರೆ ನಾವು ಓಗ್ಬೌದು."

ಸಂತೋಷ ಊಟದ ತಟ್ಟೆಯನ್ನು ಅಂಗಳಕ್ಕೆ ಎಸೆದ. ಮುದ್ದೆ ನಾಯಿಯ ಪಾಲಾಯಿತು. ಮಲ್ಲಿಗಮ್ಮ ಗೋಡೆಗೆ ಒರಗಿಕೊಂಡು ಕೂತಿದ್ದವಳು ಮಗನನ್ನು ಬೈಯುವ ಬದಲು ಸೊಸೆಯನ್ನೇ ಬೈದಳು: "ಅವರ ಸುದ್ದಿ ಯಾಕವ್ವ ತಗೀತೀಯೆ?" ರೂಪ ತಟ್ಟೆ ಎತ್ತಿ ತೊಳೆದಿಟ್ಟಳು. ಅವಳೂ ಎಲ್ಲೆ ದಾಟಲಿಲ್ಲ. ದಾಟಿ, ನಾಳೆ ಮಗುವಿಗೆ ಜ್ವರ ಬಂದರೂ ತನ್ನ ತಲೆಗೇ ಕಟ್ಟುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಹನ್ನೊಂದನೇ ತಾರೀಖು ಸಂತೋಷ ಕೆಂಡ ತುಳಿದ. ಊರೆಲ್ಲ ಕೇಕೆ ಹಾಕಿತು. ಇಂಗ್ಲೆಂಡು ಹೇಳಿದ ದಿನಕ್ಕೆ ಸರಿಯಾಗಿ ಬಾಗಿಲು ಹಾಕಿಕೊಂಡಿತು. ರೂಪ ಮಾರನೇ ದಿನ ಬೆಂಗಳೂರಿಗೆ ಹೋಗಿ ಬಂದು ಅರ್ಜಿ ಹಾಕಿದಳು. ವೀಸಾ ಬಂತು, ಅವಳೊಬ್ಬಳಿಗೆ. "ಓಗು, ಕಾನೂನು ಬದ್ಲಾಯ್ತದೆ, ಆಮೇಕೆ ನಾವು ಬತ್ತೀವಿ," ಎಂದು ಕಳುಹಿಸಿದವನೂ ಸಂತೋಷನೇ.

ಅಲ್ಲಿಂದ ಮುಂದೆ ಅವನ ಆಸೆಯೆಲ್ಲ ವ್ಯಾಪಾರದ ಮಾತುಕತೆಯ ಮೇಲೆ. ದೆಹಲಿಯವರು ಬಿಗಿ ಹಿಡಿದು ಕೂತರೆ, ಹೋದವರ ಸಂಸಾರಕ್ಕೂ ವೀಸಾ ಬಿಡಿಸುತ್ತಾರೆ ಎಂದು ಆಲೆಮನೆಯಲ್ಲಿ ಕೂತು ತಾನೇ ದೊಡ್ಡ ರಾಯಭಾರಿಯ ಹಾಗೆ ವಾದಿಸುತ್ತಿದ್ದ. ಕಳೆದ ವರ್ಷ ಆಷಾಢದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ನಮ್ಮ ಬಟ್ಟೆ, ಚಪ್ಪಲಿ, ಸಿಗಡಿಗೆ ಅಲ್ಲಿ ಸುಂಕ ತೆಗೆಯುತ್ತಾರೆ, ಅವರ ವಿಸ್ಕಿ, ಕಾರುಗಳಿಗೆ ಇಲ್ಲಿ ಇಳಿಸುತ್ತಾರೆ ಎಂದಾಯಿತು. ಅಡುಗೆಯವರು, ಯೋಗ ಕಲಿಸುವವರು, ಸಂಗೀತಗಾರರು ಸ್ವಲ್ಪ ಕಾಲಕ್ಕೆ ಹೋಗಿ ಬರಬಹುದು. ಆಲೆಮನೆಯವನ ಹೆಸರು ಎಲ್ಲೂ ಇರಲಿಲ್ಲ. ಅದೇ ವಾರ ಆ ದೇಶ ಮುದುಕರ ಆರೈಕೆಗೆ ಹೊರಗಿನಿಂದ ಹೊಸಬರನ್ನು ಕರೆಸುವುದನ್ನೇ ನಿಲ್ಲಿಸಿತು. ಒಂದು ಕೈಯಲ್ಲಿ ಕೈಕುಲುಕಿ ಇನ್ನೊಂದು ಕೈಯಲ್ಲಿ ಚಿಲಕ ಹಾಕುವುದು ಅವರಿಗೆ ಚೆನ್ನಾಗಿ ಬರುತ್ತದೆ.

ಬೆಲ್ಲಕ್ಕೂ ಅಲ್ಲಿ ಸುಂಕ ಬೀಳುವುದಿಲ್ಲವಂತೆ, ಕಳಿಸಿದರೆ ಒಳ್ಳೆಯ ಕಾಲ ಎಂದು ಒಬ್ಬ ವ್ಯಾಪಾರಿ ಹಲ್ಲು ಕಿರಿಯುತ್ತ ಬಂದ. ಸಂತೋಷ ಪಾಕ ತಿರುವುತ್ತಿದ್ದ ಮರದ ಹುಟ್ಟನ್ನು ಎತ್ತಿದ.

"ನನ್ ಬೆಲ್ಲ ಓಗ್ಬೋದು, ನಾನ್ ಓಗಂಗಿಲ್ಲ? ನನ್ ಮಗ್ಳು ಓಗಂಗಿಲ್ಲ? ಎದ್ದೋಗಯ್ಯ ಮೊದ್ಲು!"

ಆ ವ್ಯಾಪಾರಿ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಈ ವರ್ಷ ಶಿವರಾತ್ರಿಯ ಹೊತ್ತಿಗೆ ರೂಪಳಿಗೆ ಮೊದಲ ಸಲ ರಜ ಸಿಕ್ಕಿತು. ಲೆಕ್ಕ ಹಾಕಿದರೆ ಅವಳು ಬರುವುದು ಹಬ್ಬ ಸಾರಿದ ಮೇಲೆ, ವಾಪಸು ಹೋಗಬೇಕಾದದ್ದು ಕೊಂಡಕ್ಕೆ ಮೊದಲು. ಅವಳು ಫೋನಿನಲ್ಲಿ ಅಳಲಿಲ್ಲ, ಬೈಯಲೂ ಇಲ್ಲ. "ನಾನು ಊರೊಳಿಕ್ಕೆ ಬರಲ್ಲ. ಬಂದ್ರೆ ಎಲ್ಲೆ ದಾಟಂಗಿಲ್ಲ ಅಂತೀರ. ಮಳವಳ್ಳೀಲಿ ನಮ್ಮವ್ವನ ಮನೇಲಿರ್ತೀನಿ. ದೀಪಿಕನ್ನ ಯಾರ್ ಜೊತೇಲಾದ್ರೂ ಕಳ್ಸಿ. ನೀವು ನಿಮ್ ಅಬ್ಬ ಮಾಡ್ಕಳಿ," ಎಂದಳು.

ಪೂಜಾರಿ ಬರುವ ದಿನ ಬೆಳಿಗ್ಗೆ ಸಂತೋಷ ಅಪ್ಪನ ಕಾಲದಿಂದ ತುಳಿಯದ ಹೊಸಿಲನ್ನು ತುಳಿದ. ಅಂಬರೀಶ ಹಸುವಿಗೆ ಹಿಂಡಿ ಕಲಸುತ್ತಿದ್ದ. ಕೈ ತೊಳೆಯದೆ ಹಾಗೇ ನಿಂತು ಕೇಳಿಸಿಕೊಂಡ.

"ಕಂಕಣ ನೀನ್ ಕಟ್ಟುಸ್ಕೊಳಣ್ಣ ಈ ಸಲ," ಎಂದ ಸಂತೋಷ.

"ಆಗ್ಲಿ, ಕಟ್ಟುಸ್ಕೋತೀನಿ."

ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ಸಂತೋಷ ಎಣಿಸಿರಲಿಲ್ಲ. ಜಗಳಕ್ಕೆ ಸಿದ್ಧನಾಗಿ ಬಂದವನು ಅಂಬರೀಶನನ್ನೇ ನೋಡಿದ.

"ಯಾಕ್ಲಾ ಅಂಗ್ ನೋಡ್ತೀಯೆ? ಎಲ್ಡ್ ವರ್ಸದಿಂದೆ ಆವತ್ತೂ ಇದ್ನೇ ಅಂದಿದ್ದೆ. ನಿನ್ನೆಡ್ತಿ ಬಂದು ಇದೇ ಜಾಗ್ದಲ್ಲಿ ನಿಂತಿದ್ಳು. ನನ್ನದೇನೂ ಅಡ್ಡಿಲ್ಲ ಕಣವ್ವ, ಅವ್ನು ಬಂದು ಒಂದ್ ಮಾತ್ ಕೇಳ್ಲಿ ಸಾಕು ಅಂದೆ. ನೀ ಬರ್ನಿಲ್ಲ."

"ನಿಂಗ್ ಇದು ಬೇಕಾಗಿತ್ತಲ್ಲ?"

"ನಾನ್ ಯಾವತ್ಲಾ ಕೇಳಿದ್ದೆ? ಕೆಂಡ ತುಳಿಯಕ್ಕೆ ನಂಗೇನ್ ಉಚ್ಚಾ?" ಎಂದು ಅಂಬರೀಶ ಮತ್ತೆ ಹಿಂಡಿಯ ಬಾನಿಗೆ ಬಗ್ಗಿದ.

ಮಳವಳ್ಳಿಯಲ್ಲಿ ರೂಪ ಬಾಗಿಲು ತೆಗೆದಾಗ ಸಂತೋಷ ಮೊದಲು ನೋಡಿದ್ದು ಅವಳ ಕೈಗಳನ್ನು. ದಿನವಿಡೀ ಸೋಪಿನ ನೀರಿನಲ್ಲಿದ್ದು ಬಿರಿದಿದ್ದವು. ದೀಪಿಕ ಅವನ ಬೆನ್ನ ಹಿಂದೆ ಅವಿತಳು. ಫೋನಿನಲ್ಲಿ ಚಟಪಟ ಮಾತಾಡುವ ಮಗು ಎದುರಿಗೆ ನಿಂತ ತಾಯಿಗೆ ನಾಚಿಕೊಂಡಿತು.

"ಕಂಕಣ ಅಂಬರೀಸಣ್ಣನಿಗೆ ಬುಟ್ಕೊಟ್ಟೆ. ಒಂದೇ ಮಾತ್ಗೆ ಒಪ್ಕೊಂಡ," ಎಂದ ಸಂತೋಷ, ಏನೋ ದೊಡ್ಡದನ್ನು ಕೊಡುವವನ ಹಾಗೆ.

"ಆವತ್ತೂ ಒಂದೇ ಮಾತಿತ್ತು ಕಣ್ರೀ," ಎಂದಳು ರೂಪ. ಮಗಳ ಚೀಲ ತೆಗೆದುಕೊಂಡು ಒಳಗೆ ಹೋದಳು.

ರಜ ಮುಗಿಯುವ ಹೊತ್ತಿಗೆ ದೀಪಿಕ ಅಮ್ಮನ ತೊಡೆ ಬಿಟ್ಟು ಏಳುತ್ತಿರಲಿಲ್ಲ. ಹೊರಡುವ ದಿನ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಬಸ್ಸು ಬಂದು ನಿಂತಾಗ ಸಂತೋಷನ ಬಾಯಿಂದ ಅಭ್ಯಾಸಬಲದಿಂದ ಆ ಮಾತು ಬಂದೇಬಿಟ್ಟಿತು.

"ರಜ ಇನ್ನೊಂದ್ವಾರ ಮುಂದಕ್ಕಾಕ್ಸಕ್ಕಾಗಲ್ವಾ? ಒಂದ್ಸಲ ಕೇಳಿ ನೋಡು."

ರೂಪ ಅವನ ಮುಖವನ್ನೇ ನೋಡಿದಳು. ಎರಡು ವರ್ಷ ನುಂಗಿಕೊಂಡಿದ್ದ ಅಸಹ್ಯ ಅವಳ ಕಣ್ಣಿನಲ್ಲಿ ನಿಚ್ಚಳವಾಗಿ ಕಂಡಿತು. ಮಗಳ ತಲೆ ಸವರಿ ಬಸ್ಸು ಹತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

"ಅಪ್ಪ, ಅಮ್ಮ ಮತ್ತೆ ಯಾವತ್ತು ಬತ್ತಾಳೆ?" ಎಂದಳು ದೀಪಿಕ.

ಸಂತೋಷ ಒಂದು ದಿನ ಹೇಳಲು ಬಾಯಿ ತೆರೆದ. ಯುಗಾದಿ ಎನ್ನಲೋ ದೀಪಾವಳಿ ಎನ್ನಲೋ ಎಂದು ತಡವರಿಸಿದ. ಮಗಳು ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಊರಿನ ಬಸ್ಸು ನಿಲ್ಲುವ ಕಡೆ ನಡೆದಳು.

"ಯೋಳ್ಬ್ಯಾಡ ಬುಡು. ನೀನ್ ಯೋಳಿದ್ ದಿನ ಯಾವತ್ತೂ ಬರಲ್ಲ," ಎಂದಳು.