ಹಿಮದ ಕಡಲಿಗೆ ಹೋದ ಕೌದಿ

ಎಪ್ಪತ್ತರ ದಶಕದಲ್ಲಿ ಬಸವನ ಬಾಗೇವಾಡಿಯಿಂದ ಹಡಗಿನ ನೌಕರಿಗೆ ಹೋದವನು ನನ್ನ ಅಣ್ಣನೊಬ್ಬನೇ ಇರಬೇಕು. ಬಾವಿ, ಕೆರೆ ಬಿಟ್ಟರೆ ಬೇರೆ ನೀರು ಕಾಣದ ಊರು ನಮ್ಮದು. ಅವನ ಸರಕಿನ ಹಡಗು ಭೂಮಿಯ ಉತ್ತರದ ತುದಿಗೆ, ಕಡಲೇ ಹೆಪ್ಪುಗಟ್ಟುವ ಕಡೆಗೆ ಹೋಗಿ ಕಟ್ಟಿಗೆ ತರುತ್ತಿತ್ತು. ಕಟ್ಟಿಗೆ ತರಲು ಅಷ್ಟು ದೂರ ಹೋಗಬೇಕೇ ಎಂದು ನಾನು ಅವನನ್ನು ಕಾಡಿಸುತ್ತಿದ್ದೆ.

ಕೊನೆಯ ಸಲ ರಜೆಗೆ ಬಂದಾಗ ಅವನ ನಗು ಕಡಿಮೆಯಾಗಿತ್ತು. ಆ ಕಡಲಿನಲ್ಲಿ ದೊಡ್ಡ ದೇಶಗಳ ಯುದ್ಧನೌಕೆಗಳು ಹೆಚ್ಚಾಗಿದ್ದವಂತೆ, ಹಿಮದ ಕೆಳಗೆ ಜಲಾಂತರ್ಗಾಮಿಗಳು ಅಡ್ಡಾಡುತ್ತಿದ್ದವಂತೆ. ಯಾವಾಗ ಏನಾದೀತೋ ಎಂದು ಕಂಪನಿಯವರು ಸರಕಿನ ಹಡಗಿನವರಿಗೂ ಕವಾಯತು ಶುರು ಮಾಡಿದ್ದರು. ಕೆಲವು ಕಡೆ ದೀಪ ಆರಿಸಿ ಸಾಗಬೇಕು. ಗಂಟೆ ಹೊಡೆದ ಕೂಡಲೇ ಎಲ್ಲ ಬಿಟ್ಟು ಓಡಿ, ಜೀವ ಉಳಿಸುವ ದೋಣಿ ಹತ್ತಬೇಕು.

"ಏನೂ ಒಯ್ಯಾಕ ಹುಕುಂ ಇಲ್ಲವ್ವಾ," ಎಂದ. "ಮೈಮ್ಯಾಲಿನ ಅರಿವಿ ಅಷ್ಟ."

ಅವ್ವನ ಕಿವಿಗೆ ಯುದ್ಧದ ಮಾತು ಬೀಳಲಿಲ್ಲ, ಹಿಮದ ಮಾತಷ್ಟೇ ಬಿತ್ತು. ತನ್ನ ಹಳೆಯ ಇಳಕಲ್ ಸೀರೆಗಳನ್ನೆಲ್ಲ ಪದರು ಪದರಾಗಿ ಹಾಸಿ ಕೌದಿ ಹೊಲಿಯಲು ಕೂತಳು. ನಮ್ಮ ಮನೆಯಲ್ಲಿ ಕೌದಿಯನ್ನು ಹಸಿದಿರಗೊಡುವುದಿಲ್ಲ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಡುತ್ತಾರೆ. ಅವ್ವ ನಾಲ್ಕೂ ಮೂಲೆಗೆ ಇಟ್ಟಳು. ಭಾರಕ್ಕೆ ಅಣ್ಣನ ಹೆಗಲು ಬಾಗಿತು, ಆದರೂ ಒಲ್ಲೆ ಎನ್ನಲಿಲ್ಲ.

ಮರುವರ್ಷ ಅಣ್ಣ ತೀರಿಹೋದನೆಂದು ತಂತಿ ಬಂತು. ಹೇಗೆ ಎಂಬುದು ಅದರಲ್ಲಿರಲಿಲ್ಲ. ಯುದ್ಧವೇ ಆಯಿತೆಂದು ಅವ್ವ ತಿಳಿದಳು. ಚಳಿಗಾಲದಲ್ಲಿ, ಅದೇ ಹಡಗಿನ ಖಲಾಸಿ, ಅಣ್ಣನ ಗೆಳೆಯ, ಸಿಂದಗಿಯ ಮುಸ್ಲಿಂ ಮನೆತನದವನು, ಕೌದಿ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದ.

"ಯುದ್ಧ ಆಗಲಿಲ್ಲರಿ ಅವ್ವಾ," ಎಂದ. "ಕವಾಯತು ನಡದಿತ್ತರಿ. ದೋಣಿ ಇಳಸೂ ಮುಂದ ಹಗ್ಗ ಹರೀತು. ಆ ನೀರಾಗ ಬಿದ್ದಾಂವ ಭಾಳ ಹೊತ್ತು ಉಳಿಯೂದಿಲ್ಲರಿ."

"ಆವಾಗ ಕೌದಿ?" ಎಂದು ಅವ್ವ ಕೇಳಿದಳು.

"ಹಾಸಿಗ್ಯಾಗ ಇತ್ತರಿ. ದಿನಾ ಅದನ್ನ ಹೊದ್ಕೊಂಡು ಮಲಗತಿದ್ದ. ಗಂಟಿ ಹೊಡೀತು, ಬಿಟ್ಟು ಓಡಿದ."

ನನಗೆ ಸಿಟ್ಟು ನೆತ್ತಿಗೇರಿತು. ಬಾರದೇ ಹೋದ ಯುದ್ಧದ ತಯಾರಿಗೆ ನನ್ನ ಅಣ್ಣನೇ ಬೇಕಾಗಿತ್ತೇ? ಯಾರನ್ನು ಬೈಯಬೇಕೆಂದು ತಿಳಿಯದೆ, ಚಹಾದ ಲೋಟವನ್ನು ಆ ಪಾಪದವನ ಮುಂದೆ ಕುಕ್ಕಿದೆ. ಆ ಸಿಟ್ಟು ಇವತ್ತಿಗೂ ಆರಿಲ್ಲ.

ಅವ್ವ ಬಾಯಿಗೆ ಸೆರಗು ಹಿಡಿದು ಅತ್ತಳು. ಅತ್ತು ಮುಗಿದ ಮೇಲೆ ಕೌದಿಯ ಮೂಲೆಗಳನ್ನು ಒಂದೊಂದಾಗಿ ಹಿಚುಕಿ ನೋಡಿದಳು. ರೊಟ್ಟಿಯ ಚೂರುಗಳು ಅಲ್ಲೇ ಇದ್ದವು.

"ನೀ ಮತ್ತ ಆ ಹಡಗಿಗೆ ಹೋಗಾಂವೇನು?" ಎಂದು ಅವನನ್ನು ಕೇಳಿದಳು.

"ಹೊಟ್ಟಿಪಾಡು, ಹೋಗಬೇಕಲ್ರಿ."

ಅವ್ವ ಕೌದಿಯನ್ನು ಮಡಚಿ ಅವನ ತೊಡೆಯ ಮೇಲಿಟ್ಟಳು. ಅವನು ಗಾಬರಿಯಾದ. ಗಂಟೆ ಹೊಡೆದರೆ ತಾನೂ ಇದನ್ನು ಬಿಟ್ಟೇ ಓಡಬೇಕು ಎಂದು ತೊದಲಿದ.

"ಗಂಟಿ ಹೊಡದ್ರ ಬಿಟ್ಟು ಓಡು," ಎಂದಳು ಅವ್ವ. "ಅಲ್ಲೀತನಕ ಹೊದ್ಕೊ."